ಲೀಸಿಗೆ ಕೊಟ್ಟ ಹೊಲ ಈಗ ನಂದು ಅಂತಾನ, ಏನ್ ಮಾಡ್ಲಿ?

ಪ್ರಶ್ನೆ: ವಕೀಲ ಸಾಹೇಬ್ರಿಗೆ ನಮಸ್ಕಾರ್ರಿ. ನಮ್ದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವಿ ನೀರಿಗೆ 4 ಎಕರೆ ಗದ್ದಿ ಐತಿ, ಪಹಣಿ ಇನ್ನೂ ತೀರಿಹೋದ ನಮ್ಮ ಮಾವನ ಹೆಸರಿಗೇ ಐತಿ. 14 ವರ್ಷದ ಹಿಂದ ನಮ್ಮ ಮನಿಯವರು ಊರಾಗಿನ ಒಬ್ರಿಗೆ ಎಕರೆಗೆ ಬೆಳಿಗೊಮ್ಮೆ 12 ಚೀಲ ಭತ್ತ ಅಂತ ಬಾಯಿಮಾತಿನ ಮ್ಯಾಲೆ ಲೀಸಿಗೆ ಕೊಟ್ಟಿದ್ರು. ಮನಿಯವರು ತೀರ್ಕೊಂಡು 3 ವರ್ಷ ಆತು, ಆಮ್ಯಾಲೆ ಒಂದು ಬೆಳಿದು 48 ಚೀಲ ಕೊಟ್ಟೇ ಇಲ್ಲ, ಇನ್ನೊಂದ್ರಾಗ 20 ಕೊಟ್ಟು 28 ಬಾಕಿ ಇಟ್ಟಾನ, ನೀರು ಬರದ ಬ್ಯಾಸಗಿ ಬೆಳಿದು ಬ್ಯಾರೆ. ಕೇಳಾಕ ಹೋದ್ರ 12 ವರ್ಷ ದಾಟೈತಿ, ಉಳುವವನೇ ಒಡೆಯ, ಹೊಲ ನಂದೇ ಅಂತಾನ. ಪೊಲೀಸ್ರು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸಿದ್ರು. ನಮ್ಮ ಅಣ್ಣ ಟ್ರ್ಯಾಕ್ಟರ್ ತಂದು ಹೊಡಿತೀನಿ ಅಂತಾನ. ಮನಿಯವರು ಚೀಲದ ಲೆಕ್ಕ ಬರೆದಿಟ್ಟ ನೋಟ್‌ಬುಕ್ ಐತಿ, ಅದ್ರಾಗ ಅವನ ಸಹಿನೂ ಅದಾವ.

ಉತ್ತರ: ಅಕ್ಕಾರ, ಮೊದ್ಲು ಅಣ್ಣಾರಿಗೆ ಹೇಳ್ರಿ, ಟ್ರ್ಯಾಕ್ಟರ್ ಹೊರಗ ತೆಗಿಬ್ಯಾಡ ಅಂತ. ಹೊಲ ನಿಮ್ದೇ ಇದ್ರೂ, ಸ್ವಾಧೀನದಾಗ ಇದ್ದವನ್ನ ಜೋರಾಗಿ ಹೊರಗ ಹಾಕಿದ್ರ ಅಂವ 6 ತಿಂಗಳೊಳಗ ಕೋರ್ಟಿಗೆ ಹೋಗಿ ಒಡೆತನ ಯಾರ್ದು ಅನ್ನೋ ಪ್ರಶ್ನೆನೇ ಬರದಂಗ ಸ್ವಾಧೀನ ವಾಪಸ್ ಪಡಿಬೋದು, ಮ್ಯಾಲೆ ನಿಮ್ಮ ಅಣ್ಣನ ಮ್ಯಾಲೆ ಕ್ರಿಮಿನಲ್ ಕೇಸು.

ಇನ್ನು ಉಳುವವನೇ ಒಡೆಯ ಅನ್ನೋ ಮಾತು. ದೇವರಾಜ ಅರಸು ಮುಖ್ಯಮಂತ್ರಿ ಇದ್ದಾಗ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ ಅದು, 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ಹೊತ್ತಿಗೆ ಗೇಣಿ ಮಾಡ್ತಿದ್ದವರಿಗೆ ನಮೂನೆ 7 ಅನ್ನೋ ಅರ್ಜಿ ಕೊಟ್ಟು ಹಕ್ಕು ಕೇಳಾಕ 1979ರ ಜೂನ್ 30ರ ತನಕ ಟೈಮ್ ಇತ್ತು. ಸಾವಿರಾರು ಬಡವರಿಗೆ ಹೊಲ ಸಿಕ್ಕ ಒಳ್ಳೆ ಕಾನೂನು ಅದು, ಅದನ್ನ ಸುಮ್ನೆ ಬಾಯಿಗೆ ಬಂದಂಗ ಎಳಿಬಾರ್ದು. 14 ವರ್ಷದ ಹಿಂದ ಲೀಸಿಗೆ ಬಂದವನಿಗೆ ಅದ್ರಾಗ ಜಾಗ ಇಲ್ಲ. 12 ವರ್ಷ ಸ್ವಾಧೀನದಾಗ ಇದ್ರ ಹೊಲ ಅವಂದೇ ಅನ್ನೋ ಮಾತೂ ಹಂಗೇ, ಮಾಲೀಕರು ಒಪ್ಪಿ ಒಳಗ ಬಿಟ್ಟವನು ಎಷ್ಟು ವರ್ಷ ಇದ್ರೂ ಅದು ಅನುಮತಿಯ ಸ್ವಾಧೀನ, ನೀವು ಒಡೆಯರು ಅಂತ ಗೊತ್ತಿತ್ತು ಅಂತ್ಲೇ ಅಂವ 20 ಚೀಲ ತಂದು ನಿಮ್ಮ ಮನಿಗೆ ಇಳಿಸ್ಯಾನ.

ಈಗ ನಿಮಗ ಬ್ಯಾಸರ ಆಗೋ ಮಾತು. ನಮ್ಮ ರಾಜ್ಯದಾಗ ಸೈನಿಕರು, ಹಡಗಿನ ಕೆಲಸದವರು ಇಂಥ ಕೆಲವೇ ಮಂದಿ ಬಿಟ್ಟು ಯಾರೂ ಕೃಷಿ ಜಮೀನು ಲೀಸಿಗೆ ಕೊಡಂಗಿಲ್ಲ, ಭೂಸುಧಾರಣಾ ಕಾಯ್ದೆಯ 5ನೇ ಕಲಂ ಅದನ್ನ ಪೂರ್ತಿ ನಿಷೇಧ ಮಾಡೈತಿ. ಕಾಯ್ದೆ ಮುರಿದ ವ್ಯವಹಾರ ಅಂತ ಅಧಿಕಾರಿಗಳು ತೀರ್ಮಾನ ಮಾಡಿದ್ರ ಹೊಲ ಸರ್ಕಾರಕ್ಕ ಸೇರಿಸ್ಕೊಳ್ಳೋ ಅವಕಾಶನೂ ಆ ಕಾಯ್ದೆಯಾಗ ಐತಿ. ನಮ್ಮ ಕಡೆ ವಲಸೆ ಬಂದವರ ಕ್ಯಾಂಪಿನಾಗ ಇರ್ಲಿ, ಹಳ್ಳಿಯಾಗ ಇರ್ಲಿ, ಊರಿಗೂರೇ ಲೀಸಿನ ಮ್ಯಾಲೆ ನಡಿತೈತಿ ಅನ್ನೋದು ನಂಗೂ ಗೊತ್ತು, ಆದ್ರ ಲೀಸಿನ ಬಾಕಿ ಕೊಡಿಸ್ರಿ ಅಂತ ನೇರ ದಾವಾ ಹಾಕಿದ್ರ ಕಾನೂನು ಒಪ್ಪದ ಕರಾರಿನ ಮ್ಯಾಲೆ ಕೇಳಿದಂಗ ಆಗ್ತೈತಿ. ಹಂಗಾಗಿ ಆ ನೋಟ್‌ಬುಕ್ಕು ನಿಮ್ಮ ಪರವಾಗೂ ಸಾಕ್ಷಿ, ನಿಮ್ಮ ವಿರುದ್ಧವೂ ಸಾಕ್ಷಿ. ಜೋಪಾನ ಇಡ್ರಿ, ವಕೀಲರಿಗೆ ತೋರಿಸದೆ ಯಾವ ಆಫೀಸಿಗೂ ಕೊಡಬ್ಯಾಡ್ರಿ.

ನಿಮ್ಮ ಬಲ ಇರೋದು ಒಡೆತನದಾಗ, ಅದೇ ಈಗ ಕಾಗದದ ಮ್ಯಾಲೆ ಸಡಿಲ ಐತಿ. ಮಾವನ ಹೆಸರಿನ ಪಹಣಿ ಇಟ್ಕೊಂಡು ನೀವು ಯಾರು ಅಂತ ಹೆಂಗ ಹೇಳ್ತೀರಿ? ಮಾವಂದು, ಮನಿಯವರದು ಇಬ್ಬರದೂ ಮರಣ ಪ್ರಮಾಣಪತ್ರ, ವಂಶವೃಕ್ಷ ತಗೊಂಡು ಪೌತಿ ಖಾತಿಗೆ, ಅಂದ್ರ ತೀರಿಹೋದವರ ಹೆಸರಿನ ಹೊಲ ವಾರಸುದಾರರ ಹೆಸರಿಗೆ ಮಾಡಿಸಾಕ, ಅರ್ಜಿ ಹಾಕ್ರಿ. ಮಾವನಿಗೆ ಹೆಣ್ಣುಮಕ್ಕಳಿದ್ರ, ಅಂದ್ರ ನಿಮ್ಮ ನಾದಿನಿಯರು, ಅವರಿಗೂ ಪಾಲೈತಿ, ಅತ್ತಿ ಬದುಕಿದ್ರ ಅವರಿಗೂ ಐತಿ. ಅವರನ್ನ ಬಿಟ್ಟು ಅರ್ಜಿ ಹಾಕಿದ್ರ ನಾಳೆ ಅವರೇ ತಕರಾರು ತೆಗಿತಾರ, ಆ ಸಂದಿಯಾಗ ಈ ಮನಷ್ಯಾ ಹೋಗಿ ಕೂಡ್ತಾನ. ಪಹಣಿ ತೆಗೆಸಿದಾಗ ಸಾಗುವಳಿದಾರರ ಕಾಲಂ, ಅಂದ್ರ 12ನೇದು, ಕಣ್ಣಿಟ್ಟು ನೋಡ್ರಿ, ಅವನ ಹೆಸರು ಅಲ್ಲಿ ಹತ್ತೈತಾ ಅಂತ. ಹತ್ತಿದ್ರ ತಹಶೀಲ್ದಾರರ ಮುಂದ ತಕರಾರು ಹಾಕ್ರಿ.

ಪಹಣಿಗೆ ನಿಮ್ಮ ಹೆಸರು ಹತ್ತಿದ ಮ್ಯಾಲೆ ಎರಡು ದಾರಿ. ಒಡೆತನದ ಮ್ಯಾಲೆ ಸ್ವಾಧೀನಕ್ಕ ದಾವಾ, ಅದ್ರಾಗೇ ಅಂವ ಸುಮ್ನೆ ಉಂಡಿದ್ದಕ್ಕ ನಷ್ಟ ಕೇಳ್ಬೋದು, ಆದ್ರ 3 ವರ್ಷದಕಿಂತ ಹಳೇ ಬಾಕಿ ಕೈಬಿಟ್ಟಂಗೇ ಅಂತ ತಿಳ್ಕೊಳ್ರಿ. ಇಲ್ಲಾಂದ್ರ ರಾಜಿ ಮಾಡಿಸೋ ಲೋಕ ಅದಾಲತ್. ನಾನು ಮೊದ್ಲು ಅದನ್ನೇ ಹೇಳೋದು, ಯಾಕಂದ್ರ ದಾವಾ ಎಷ್ಟು ಬೆಳಿ ದಾಟ್ತೈತೋ ಗೊತ್ತಿಲ್ಲ, ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರ, ಸಿಂಧನೂರು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗ್ರಿ, ಇಲ್ಲಾ 15100ಕ್ಕ ಫೋನ್ ಮಾಡ್ರಿ.

ರಾಜಿಗೆ ಕುಂತಾಗ ಒಂದು ಮಾತು ನೆನಪಿಡ್ರಿ, ಕಾಲುವಿಗೆ ನೀರು ಬರದ ಬ್ಯಾಸಗಿದು ಚೀಲ ಕೇಳಬ್ಯಾಡ್ರಿ. ಬೆಳಿಲಾರದ ಗದ್ದಿಗೆ ಅಂವ ಎಲ್ಲಿಂದ ತಂದು ಕೊಡ್ಬೇಕು? ನೀರು ಬಂದ ಎರಡು ಬೆಳಿದು 76 ಚೀಲ ಕೇಳೋದು ನ್ಯಾಯ, ಅದ್ರಾಗ ಒಂದಿಷ್ಟು ಬಿಟ್ಟಾದ್ರೂ ಕಾಲುವಿಗೆ ನೀರು ಬಿಡೋ ಮೊದ್ಲು, ಅಂವ ಮುಂದಿನ ಸಸಿ ಚೆಲ್ಲೋದ್ರೊಳಗ, ಹೊಲ ಖಾಲಿ ಮಾಡಿ ಕೊಡ್ತೀನಿ ಅಂತ ಬರೆಸ್ಕೊಳ್ರಿ. ಹೊಲ ಕೈಗೆ ಬಂದ ಮ್ಯಾಲೆ ಮತ್ತೊಬ್ಬರಿಗೆ ಲೀಸಿಗೆ ಕೊಡಬ್ಯಾಡ್ರಿ. ಕೂಲಿ ಕೊಟ್ಟು, ಕೊಯ್ಲಿಗೆ ಮಷಿನ್ ಬಾಡಿಗಿ ಕೊಟ್ಟು, ನೀವೇ ನಿಂತು ಮಾಡಿಸಿದ್ರ ಅದನ್ನ ಕಾನೂನು ಸ್ವಂತ ಸಾಗುವಳಿ ಅಂತ್ಲೇ ಒಪ್ತೈತಿ.

ಪೌತಿ ಖಾತಿ ಅರ್ಜಿಗೆ ಈ ವಾರನೇ ನಾಡಕಚೇರಿಗೆ ಹೋಗ್ರಿ, ನಾದಿನಿ ಇದ್ರ ಜೋಡಿಗೆ ಕರ್ಕೊಂಡೇ ಹೋಗ್ರಿ.