ಫ್ರೀಮಾಂಟ್‌ನಲ್ಲಿ ಬಾಡಿಗೆ ಮನೆ: ಹಗಲು ಮನೆಯಲ್ಲಿ ಇರುವವರು ಯಾರು?

ನೀವು ಕೇಳಿದ್ದು ಇಷ್ಟು. ಕೆಲಸ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಬರುವುದು ಜುಲೈ ಕೊನೆಗೆ, ಜೊತೆಗೆ ಹೆಂಡತಿ ಮತ್ತು ಐದು ವರ್ಷದ ಮಗಳು. ಬಾಡಿಗೆಗೆ ಅಂತ ತಿಂಗಳಿಗೆ 3,000 ಡಾಲರ್ ಎತ್ತಿಟ್ಟಿದ್ದೀರಿ. ಊರು ಫ್ರೀಮಾಂಟ್ ಅಂತ ಗಟ್ಟಿಯಾಗಿದೆ. ಏರಿಯಾ ಯಾವುದು ಅನ್ನುವುದಷ್ಟೇ ಬಾಕಿ. ಶಾಲೆಗೆ ಹತ್ತಕ್ಕೆ ಒಂಬತ್ತಾದರೂ ರೇಟಿಂಗ್ ಇರಬೇಕು, ಸುತ್ತ ನಮ್ಮ ಜನ ಜಾಸ್ತಿ ಇರಬೇಕು.

ಅಕ್ಕಾ ಅಂತ ಕರೆದಿದ್ದೀರಿ. ಹಾಗಾಗಿ ಸಲಿಗೆಯಿಂದಲೇ ಹೇಳುತ್ತೇನೆ. ಇಷ್ಟುದ್ದ ಪತ್ರದಲ್ಲಿ ನಿಮ್ಮ ಹೆಂಡತಿಯ ಬಗ್ಗೆ ಇರುವುದು ಒಂದೇ ಸಾಲು: ವೀಸಾ ಎಚ್-4 (ಕೆಲಸದ ವೀಸಾದವರ ಹೆಂಡತಿ-ಮಕ್ಕಳಿಗೆ ಕೊಡುವಂಥದ್ದು), ಸದ್ಯಕ್ಕೆ ಕೆಲಸ ಮಾಡುವಂತಿಲ್ಲ, ಡ್ರೈವಿಂಗ್ ಬರುವುದಿಲ್ಲ. ಮನೆ ಹುಡುಕುವುದನ್ನು ಆ ಸಾಲಿನಿಂದ ಶುರು ಮಾಡಿ.

ನಾನು ತುಮಕೂರಿನಿಂದ ಇಲ್ಲಿಗೆ ಬಂದದ್ದು 2007ರಲ್ಲಿ. ನಮ್ಮ ಯಜಮಾನರ ಆಫೀಸಿನವರೆಲ್ಲ ಒಂದೇ ರಾಗ, ಫ್ರೀಮಾಂಟ್‌ನ ಮಿಷನ್ ಸ್ಯಾನ್ ಹೋಸೆ ಏರಿಯಾ ಬಗ್ಗೆ: ‘ಮಿಷನ್ ಕಡೆ ತಗೊಳ್ಳಿ, ಕಣ್ಣು ಮುಚ್ಚಿಕೊಂಡು ತಗೊಳ್ಳಿ.’ ತಗೊಂಡೆವು. ಕಿಟಕಿ ತೆಗೆದರೆ ಎದುರಿಗೇ ಮಿಷನ್ ಪೀಕ್ ಬೆಟ್ಟ. ಮಾರ್ಚ್‌ನಲ್ಲಿ ಹಚ್ಚ ಹಸಿರು, ಜೂನ್ ಹೊತ್ತಿಗೆ ಒಣಹುಲ್ಲಿನ ಬಣ್ಣ. ನೋಡುವುದಕ್ಕೇನೋ ಚೆಂದ. ಆದರೆ ಇದ್ದದ್ದು ಒಂದೇ ಕಾರು. ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳಕ್ಕೆ ವಾಪಸ್. ಹಾಲು ಒಡೆದರೆ ಸಂಜೆವರೆಗೆ ಕಾಫಿ ಇಲ್ಲ. ರಸ್ತೆಯಲ್ಲಿ ನಾಯಿ ಹಿಡಿದುಕೊಂಡು ಹೋಗುವವರನ್ನು ಬಿಟ್ಟರೆ ನರಪಿಳ್ಳೆ ಕಾಣುತ್ತಿರಲಿಲ್ಲ. ದಿನಾ ಬೆಳಗ್ಗೆ ಒಂಬತ್ತಕ್ಕೆ ಅಮ್ಮನಿಗೆ ಫೋನ್. ಅಲ್ಲಿ ರಾತ್ರಿ ಒಂಬತ್ತೂವರೆ, ಅವರು ಊಟ ಮುಗಿಸಿ ಕಾಯುತ್ತಿದ್ದರು. ಅತ್ತು ಮುಗಿಸಿ, ಪಾತ್ರೆ ತೊಳೆದು, ಮತ್ತೆ ಬೆಟ್ಟ ನೋಡುತ್ತಾ ಕೂರುವುದು. ಆಗಿನ್ನೂ ನಮಗೆ ಮಕ್ಕಳಿರಲಿಲ್ಲ. ಒಳ್ಳೆ ಶಾಲೆಯ ಏರಿಯಾ ಅಂತ ಮುನ್ನೂರು ಡಾಲರ್ ಜಾಸ್ತಿ ಕೊಟ್ಟು ಅಲ್ಲಿದ್ದೆವು ಅನ್ನುವುದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ.

ಲೀಸ್ ಮುಗಿದದ್ದೇ ತಡ, ಬಾರ್ಟ್ (ಇಲ್ಲಿಯ ಮೆಟ್ರೋ ರೈಲು) ಸ್ಟೇಷನ್ ಹತ್ತಿರ ವಾಲ್‌ನಟ್ ಅವೆನ್ಯೂ ಕಡೆಗೆ ಬಂದೆವು. ಹಳೇ ಕಟ್ಟಡ, ಮಾಸಿದ ಕಾರ್ಪೆಟ್. ಬಟ್ಟೆ ಒಗೆಯಲು ಕ್ವಾರ್ಟರ್ ನಾಣ್ಯ ಹಾಕುವ ಮಶಿನ್, ಅದೂ ಇಡೀ ಬಿಲ್ಡಿಂಗಿಗೆ ನಾಲ್ಕು. ಆದರೆ ನಡೆದೇ ಹೋಗಬಹುದಾದ ಅಂಗಡಿಗಳಿದ್ದವು. ಸ್ಟೀವನ್‌ಸನ್ ಬುಲೆವಾರ್ಡ್‌ನಲ್ಲಿ ಲೈಬ್ರರಿ ಇತ್ತು. ಅದರ ಪಕ್ಕದ ಸೆಂಟ್ರಲ್ ಪಾರ್ಕ್‌ನಲ್ಲಿ ಎಲಿಜಬೆತ್ ಕೆರೆ. ಒಂದು ಸುತ್ತಿಗೆ ಸುಮಾರು ಎರಡು ಮೈಲಿ. ಸಂಜೆ ಐದಾದರೆ ಸಾಕು, ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮಂದಿರು ಸ್ವೆಟರ್ ಹಾಕಿಕೊಂಡು ಕೆರೆ ಸುತ್ತುತ್ತಿರುತ್ತಾರೆ. ನನಗೆ ಇಲ್ಲಿ ಸಿಕ್ಕ ಮೊದಲ ಗೆಳತಿ ದಾವಣಗೆರೆಯ ಒಬ್ಬ ಅಜ್ಜಿ. ಆರು ತಿಂಗಳಾದ ಮೇಲೆ ಅವರು ಹೊರಟುಹೋದರು ಅನ್ನಿ, ಅಷ್ಟರಲ್ಲಿ ನನ್ನ ಕೈಗೆ ಲೈಸೆನ್ಸ್ ಬಂದಿತ್ತು.

ಫ್ರೀಮಾಂಟ್ ಹುಟ್ಟಿದ್ದು 1956ರಲ್ಲಿ, ಐದು ಸಣ್ಣ ಊರುಗಳು ಸೇರಿ: ಸೆಂಟರ್‌ವಿಲ್, ನೈಲ್ಸ್, ಅರ್ವಿಂಗ್‌ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್. ಹಾಗಾಗಿ ನಮ್ಮೂರುಗಳ ಹಾಗೆ ಒಂದು ಪೇಟೆ, ಸುತ್ತ ಬಡಾವಣೆ ಅನ್ನುವ ಲೆಕ್ಕ ಇಲ್ಲಿಲ್ಲ. ಒಂದೊಂದಕ್ಕೂ ಅದರದೇ ಪುಟ್ಟ ಪೇಟೆ, ಅದರದೇ ಜಾಯಮಾನ. ‘ಫ್ರೀಮಾಂಟ್‌ನಲ್ಲಿ ಮನೆ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ.

ನಿಮ್ಮ ಲೆಕ್ಕಕ್ಕೆ ಬರುವುದು ಅರ್ವಿಂಗ್‌ಟನ್, ಇಲ್ಲವೇ ಸ್ಟೇಷನ್ ಸುತ್ತಲಿನ ಮಧ್ಯಭಾಗ. ಅರ್ವಿಂಗ್‌ಟನ್‌ನಲ್ಲಿ ಡೆಲವೇರ್ ಡ್ರೈವ್‌ನ ದೇವಸ್ಥಾನ ಇದೆ, ದಿನಸಿ ಅಂಗಡಿಗಳಿವೆ, ಹಳೇ ಅಪಾರ್ಟ್‌ಮೆಂಟುಗಳು ಜಾಸ್ತಿ. ವಾರ್ಮ್ ಸ್ಪ್ರಿಂಗ್ಸ್ ನಿಮ್ಮ ಆಫೀಸಿಗೆ ಹತ್ತಿರವೇ. 2017ರಲ್ಲಿ ಅಲ್ಲಿ ಬಾರ್ಟ್ ಸ್ಟೇಷನ್ ಬಂದ ಮೇಲೆ ಹೊಸ ಕಟ್ಟಡಗಳು ಎದ್ದಿವೆ. ಬಾಡಿಗೆಯೂ ಜೊತೆಗೇ ಎದ್ದಿದೆ. ಆರ್ಡನ್‌ವುಡ್ ಒಳ್ಳೆಯ ಜಾಗ, ಆದರೆ ಅದು ಡಂಬಾರ್ಟನ್ ಸೇತುವೆ ದಾಟಿ ಮೆನ್ಲೋ ಪಾರ್ಕ್ ಕಡೆ ಹೋಗುವವರಿಗೆ. ನಿಮಗೆ ಸುತ್ತು, ಮೇಲೆ ಸೇತುವೆಯ ಟೋಲ್ ಬೇರೆ. ನೈಲ್ಸ್ ನನಗೆ ತುಂಬಾ ಇಷ್ಟ, ಹಳೇ ಕಾಲದ ಬೀದಿ. ಅಲ್ಲಿ ಬಾಡಿಗೆಗೆ ಮನೆ ಸಿಗುವುದೇ ಕಡಿಮೆ. ಇನ್ನು ಸೆಂಟರ್‌ವಿಲ್‌ನಲ್ಲಿ ಹಳಿಯ ಪಕ್ಕದ ಮನೆ ನೋಡಿದರೆ ರಾತ್ರಿ ಒಮ್ಮೆ ಹೋಗಿ ನಿಂತು ಬನ್ನಿ. ಇಲ್ಲಿಯ ರೈಲಿನ ಹಾರ್ನ್ ನಮ್ಮ ರೈಲಿನದಕ್ಕಿಂತ ಜೋರು.

ನಮ್ಮ ಜನ ಇರಬೇಕು ಅಂದಿರಲ್ಲ, ಆ ಚಿಂತೆ ಬಿಡಿ. ಫ್ರೀಮಾಂಟ್‌ನಲ್ಲಿ ನಮ್ಮವರಿಲ್ಲದ ಏರಿಯಾ ಹುಡುಕುವುದೇ ಕಷ್ಟ.

ಆಫೀಸಿಗೆ ದಾರಿ ಅಂದರೆ 880 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ, ಮಿಲ್ಪೀಟಸ್‌ನಲ್ಲಿ 237 ಹೆದ್ದಾರಿ ಹಿಡಿಯುವುದು. ಆರೂವರೆಗೆ ಹೊರಟರೆ ಅರ್ಧ ಗಂಟೆ. ಎಂಟೂವರೆಗೆ ಹೊರಟರೆ ನಿಮ್ಮ ಹಣೆಬರಹ. ಆಫೀಸು ಸನ್ನಿವೇಲ್‌ನ ಉತ್ತರಕ್ಕೆ, ಮೋಫೆಟ್ ಪಾರ್ಕ್ ಕಡೆಗೆ ಇದೆಯಾ ನೋಡಿ. ಇದ್ದರೆ ಬಾರ್ಟ್‌ನಲ್ಲಿ ಮಿಲ್ಪೀಟಸ್‌ಗೆ ಹೋಗಿ, ಅಲ್ಲಿಂದ ವಿಟಿಎ ಸಂಸ್ಥೆಯ ಲೈಟ್ ರೈಲು, ಆರೆಂಜ್ ಲೈನ್ ಹಿಡಿಯಬಹುದು. ಆ ಲೈಟ್ ರೈಲು ನಿಧಾನ, ಸುಳ್ಳು ಹೇಳುವುದಿಲ್ಲ. ಆದರೆ ವಾರಕ್ಕೆ ಎರಡು ದಿನ ಹಾಗೆ ಹೋದರೂ ಕಾರು ಮನೆಯಲ್ಲಿರುತ್ತದೆ. ನಿಮ್ಮ ಹೆಂಡತಿಯವರಿಗೆ ಲೈಸೆನ್ಸ್ ಬಂದ ಮೇಲೆ ಆ ಎರಡು ದಿನಗಳ ಬೆಲೆ ಗೊತ್ತಾಗುತ್ತದೆ.

ಈಗ ಶಾಲೆ. ಮಗಳಿಗೆ ಐದು ವರ್ಷ. ಎಲ್ಲರ ಬಾಯಲ್ಲೂ ಇರುವ ಆ ಮಿಷನ್ ಹೈಸ್ಕೂಲಿಗೆ ಅವಳಿಗೆ ಇನ್ನೂ ಒಂಬತ್ತು ವರ್ಷ ಇದೆ. ನೀವು ಸಹಿ ಹಾಕುವ ಲೀಸ್ ಒಂದು ವರ್ಷದ್ದು. ಸೆಪ್ಟೆಂಬರ್ 1ರ ಒಳಗೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್. ಅದಕ್ಕೆ ಬೇಕಾದದ್ದು ಒಳ್ಳೆಯ ಟೀಚರ್ ಮತ್ತು ಹತ್ತಿರದ ಶಾಲೆ. ಅಮ್ಮ ನಡೆಸಿಕೊಂಡು ಹೋಗಿ ಬಿಟ್ಟು ಬರುವಷ್ಟು ಹತ್ತಿರ. ಆ ರೇಟಿಂಗ್ ಸಂಖ್ಯೆ ಬಹುಪಾಲು ಪರೀಕ್ಷೆಯ ಅಂಕದಿಂದ ಬರುತ್ತದೆ. ಮನೆಯಲ್ಲಿ ಓದಿಸುವ ಅಪ್ಪ-ಅಮ್ಮ ಎಷ್ಟು ಜನ ಅನ್ನುವುದನ್ನೂ ಅದು ಅಳೆಯುತ್ತದೆ, ಅಲ್ವಾ?

ಇನ್ನೊಂದು ವಿಷಯ ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ವಿಳಾಸ ಇದ್ದ ಮಾತ್ರಕ್ಕೆ ಆ ಶಾಲೆಯಲ್ಲೇ ಸೀಟು ಅಂತಲ್ಲ. ತರಗತಿ ತುಂಬಿದ್ದರೆ ಮಗುವನ್ನು ಬೇರೆ ಶಾಲೆಗೆ ಕಳಿಸುತ್ತಾರೆ. ನಮ್ಮ ಮಗನಿಗೆ ಹಾಗೇ ಆಯಿತು. ಎದುರು ರಸ್ತೆಯ ಶಾಲೆಯ ಗಂಟೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು, ಅವನು ಮಾತ್ರ ಒಂದು ವರ್ಷ ಮೂರು ಮೈಲಿ ದೂರದ ಶಾಲೆಗೆ ಹೋದ. ಜುಲೈ ಕೊನೆಗೆ ಬರುವವರಿಗೆ ಈ ಅಪಾಯ ಜಾಸ್ತಿ. ವಿಳಾಸಕ್ಕೆ ಯಾವ ಶಾಲೆ ಅನ್ನುವುದನ್ನು ಫ್ರೀಮಾಂಟ್ ಯೂನಿಫೈಡ್ ಡಿಸ್ಟ್ರಿಕ್ಟ್‌ನಲ್ಲೇ ಕೇಳಿ, ಸೀಟು ಇದೆಯಾ ಅಂತಲೂ ಕೇಳಿ. ಬಾಡಿಗೆ ಜಾಹೀರಾತಿನಲ್ಲಿ ಬರೆದದ್ದನ್ನು ನಂಬಬೇಡಿ.

ದುಡ್ಡಿನ ವಿಷಯ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. 2024ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಡಿಪಾಸಿಟ್ ಅಂದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಅಷ್ಟೆ. ಒಂದೆರಡು ಮನೆ ಇರುವ ಸಣ್ಣ ಮಾಲೀಕರು ಎರಡು ತಿಂಗಳದ್ದು ಕೇಳಬಹುದು. ಮನೆ ಬಿಟ್ಟ ಮೇಲೆ 21 ದಿನದೊಳಗೆ ಲೆಕ್ಕ ಕೊಡಬೇಕು. ಹೊಸ ಕಟ್ಟಡಗಳಲ್ಲಿ ‘ಆರು ವಾರ ಫ್ರೀ’ ಅನ್ನುವ ಬೋರ್ಡ್ ನೋಡಿ ಹಿಗ್ಗಬೇಡಿ. ಹಳೇ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಯನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಏರಿಸಬಾರದು ಅಂತ ರಾಜ್ಯದ ಕಾನೂನಿದೆ. ಕಟ್ಟಿ 15 ವರ್ಷ ಆಗದ ಕಟ್ಟಡಕ್ಕೆ ಅದು ಅನ್ವಯಿಸುವುದಿಲ್ಲ. ನಮ್ಮ ಪರಿಚಯದವರೊಬ್ಬರು ಫ್ರೀ ಸಿಕ್ಕಿದ್ದನ್ನು ಎರಡನೇ ವರ್ಷ ಬಡ್ಡಿ ಸಮೇತ ವಾಪಸ್ ಕೊಟ್ಟರು. ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಹೆದರಬೇಡಿ, ಎಷ್ಟೋ ಕಡೆ ಆಫರ್ ಲೆಟರ್ ಸಾಕಾಗುತ್ತದೆ.

ಮನೆಯೊಳಗೆ ಹೋದಾಗ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ. ಹೊಗೆ ಹೊರಗೆ ಹೋಗುತ್ತದಾ, ಅಥವಾ ಸುಮ್ನೆ ಅಡುಗೆಮನೆಗೇ ವಾಪಸ್ ಊದುತ್ತದಾ ನೋಡಿ. ಎರಡನೆಯದಾದರೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನವೆಲ್ಲ ಸ್ಮೋಕ್ ಅಲಾರಾಂ ಕೂಗುತ್ತದೆ. ನಾನು ವರ್ಷಗಟ್ಟಲೆ ಟವೆಲ್ ಬೀಸಿದ್ದೇನೆ. ಕಟ್ಟಡಗಳೆಲ್ಲ ಮರದವು, ಮೇಲಿನವರ ಹೆಜ್ಜೆ ಕೆಳಗಿನವರ ತಲೆ ಮೇಲೆ. ಓಡಾಡುವ ಮಗು ಇರುವ ನಿಮಗೆ ನೆಲಮಹಡಿಯೇ ಕ್ಷೇಮ.

ದಯವಿಟ್ಟು ಬೆಂಗಳೂರಿನಲ್ಲಿ ಕೂತು ವಿಡಿಯೋ ನೋಡಿ ಸಹಿ ಹಾಕಬೇಡಿ, ಮನೆ ಹಿಡಿದಿಡಲು ಅಂತ ಯಾರಿಗೂ ದುಡ್ಡು ಕಳಿಸಬೇಡಿ. ಮೂರು ವಾರಕ್ಕೆ ಎಲ್ಲಾದರೂ ತಾತ್ಕಾಲಿಕವಾಗಿ ಇಳಿದುಕೊಳ್ಳಿ. ಮನೆ ನೋಡಲು ಹೋದಾಗ ಕಾರನ್ನು ಅಲ್ಲೇ ಬಿಟ್ಟು, ಮಗಳ ಕೈ ಹಿಡಿದು, ಹತ್ತಿರದ ಅಂಗಡಿಯವರೆಗೆ ಮೂವರೂ ನಡೆಯಿರಿ. ಒಂದು ಗ್ಯಾಲನ್ ಹಾಲು ಕೊಳ್ಳಿ. ಅದು ಸುಮಾರು ನಾಲ್ಕು ಕೆಜಿ ತೂಗುತ್ತದೆ. ವಾಪಸ್ ಬರುವಾಗ ಅದನ್ನು ನಿಮ್ಮ ಹೆಂಡತಿಯವರು ಹಿಡಿದುಕೊಳ್ಳಲಿ. ಮನೆ ತಲುಪಿದ ಮೇಲೆ, ತಗೊಳ್ಳೋಣವಾ ಬೇಡವಾ ಅಂತ ಅವರನ್ನೇ ಕೇಳಿ.