ಮಗನಿಗೆ ವ್ಯಾನು, ಮಗಳಿಗೆ ತೊಟ್ಟಿಲು

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ಎರಡು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ನಾನು ಕೂಲಿಗೆ ಹೋಗುತ್ತೇನೆ. ದೊಡ್ಡ ಮಗಳಿಗೆ 12 ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಎರಡನೆಯವನು ಮೂರನೇ ಕ್ಲಾಸು, ವ್ಯಾನಿನಲ್ಲಿ ಪಟ್ಟಣದ ಕಾನ್ವೆಂಟಿಗೆ ಹೋಗುತ್ತಾನೆ. ಕೊನೆಯದು ಒಂದೂವರೆ ವರ್ಷದ ಕೂಸು. ಅತ್ತೆಗೆ ಕಣ್ಣು ಮಂಜು, ಕೂಸನ್ನು ಅವರ ಕೈಗೆ ಬಿಟ್ಟು ಹೋಗಲು ಧೈರ್ಯವಿಲ್ಲ. ದಸರಾ ರಜೆ ಮುಗಿಯುವಾಗ ಹತ್ತಿ ಬಿಡಿಸುವ ಕೆಲಸ ಶುರುವಾಯಿತು. ಅಂದಿನಿಂದ ಮಗಳನ್ನು ಕೂಸು ನೋಡಿಕೊಳ್ಳಲು ಮನೆಯಲ್ಲೇ ಇಟ್ಟಿದ್ದೇನೆ. ಟೀಚರು ಎರಡು ಸಲ ಬಂದಿದ್ದರು. ಎರಡನೇ ಸಲ ‘ಹಿಂಗಾದ್ರ ನಿಮ್ಮ ಮ್ಯಾಲೆ ಕೇಸ್ ಆಗ್ತದ’ ಅಂದರು. ಗಂಡನನ್ನು ಕೇಳಿದರೆ, ಅವಳಿಗೆ ಓದಿನಲ್ಲಿ ಮನಸ್ಸಿಲ್ಲ, ಇದೊಂದು ಸುಗ್ಗಿ ಮುಗಿಯಲಿ ಅನ್ನುತ್ತಾರೆ. ಮಗಳೂ ಈಗ ‘ನಾ ಸಾಲಿಗೆ ಹೋಗಂಗಿಲ್ಲ, ಎಲ್ಲಾರೂ ನಗ್ತಾರ’ ಅನ್ನುತ್ತಾಳೆ. ಆದರೆ ತೊಟ್ಟಿಲು ತೂಗುವಾಗ ಜೋಗುಳದ ಬದಲು ಮಗ್ಗಿ ಹೇಳುತ್ತಾಳೆ. ಅದನ್ನು ಕೇಳಿದರೆ ಎದೆ ಹಿಂಡಿದಂತಾಗುತ್ತದೆ. ನಾನು ಕೆಟ್ಟ ತಾಯಿಯೇ? (ಅಕ್ಕನ ಮಗಳ ಕೈಲಿ ಬರೆಸಿದ್ದೇನೆ.)

ಉತ್ತರ: ತಂಗೀ, ಕೆಟ್ಟ ತಾಯಿಯಾಗಿದ್ದರೆ ಹತ್ತಿ ಬಿಡಿಸಿ ಬೆರಳು ಸೀಳಿದ ಮೇಲೂ ಅಕ್ಕನ ಮಗಳನ್ನು ಕೂರಿಸಿಕೊಂಡು ಇಷ್ಟುದ್ದ ಪತ್ರ ಬರೆಸುತ್ತಿರಲಿಲ್ಲ. ಆದರೂ ನೀವು ಮಾಡಿರುವುದು ತಪ್ಪು.

ಓದುವಾಗ ನನ್ನ ಕಣ್ಣು ನಿಂತಿದ್ದು ಆ ವ್ಯಾನಿನ ಸಾಲಿನ ಮೇಲೆ. ಮನೆಯಲ್ಲಿ ಇಷ್ಟೆಲ್ಲ ತೊಂದರೆ ಇದ್ದರೂ ಮಗನ ವ್ಯಾನು ಒಂದು ದಿನವೂ ತಪ್ಪಿದಂತೆ ಕಾಣಲಿಲ್ಲ. ಅವನಿಗೆ ಫೀಸು ಕಟ್ಟಿದ್ದೀರಿ, ಒಂದು ದಿನ ಹೋಗದಿದ್ದರೆ ದುಡ್ಡು ದಂಡವಾಯಿತಲ್ಲ ಎಂದು ಹೊಟ್ಟೆ ಚುರ್ರೆನ್ನುತ್ತದೆ. ಮಗಳ ಶಾಲೆಯಲ್ಲಿ ಪುಸ್ತಕ, ಬಟ್ಟೆ, ಬಿಸಿಯೂಟ, ಹಾಲು ಎಲ್ಲ ಪುಕ್ಕಟೆ. ಅವಳ ದಿನಕ್ಕೆ ರಸೀದಿ ಇಲ್ಲ. ಹಾಗಾಗಿ ಕಷ್ಟ ಬಂದಾಗ ನಿಮ್ಮ ಕೈ ಮೊದಲು ಹೋಗಿದ್ದು ಅವಳ ದಿನಗಳ ಮೇಲೆ. ಮಗಳ ಮೇಲೆ ನಿಮಗೆ ಪ್ರೀತಿ ಕಡಿಮೆ ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಅವಳು ಅದನ್ನು ಹೇಗೆ ಲೆಕ್ಕ ಹಾಕುತ್ತಿದ್ದಾಳೆ ಎಂದು ಯೋಚಿಸಿದ್ದೀರಾ? ದಿನಾ ಬೆಳಿಗ್ಗೆ ತಮ್ಮನಿಗೆ ಟೈ ಕಟ್ಟಿ ವ್ಯಾನು ಹತ್ತಿಸುವವಳು ಅವಳೇ ಇರಬೇಕು.

ಹಳ್ಳಿಯ ಶಾಲೆಯಲ್ಲಿ ನಾನು ಬಹಳ ವರ್ಷ ಹಾಜರಿ ಕೂಗಿದವಳು. ಒಂದು ಹೆಸರಿಗೆ ಉತ್ತರ ಬಾರದಿದ್ದರೆ ‘ಬಂದಿಲ್ರೀ ಟೀಚರ್, ಕೂಸು ಆಡಸಾಕತ್ತಾಳ’ ಎಂದು ಮೊದಲ ವಾರ ನಾಲ್ಕು ಜನ ಒಟ್ಟಿಗೆ ಕೂಗುತ್ತಾರೆ. ಎರಡನೇ ವಾರ ಒಬ್ಬಳು ಹೇಳುತ್ತಾಳೆ. ತಿಂಗಳಾದ ಮೇಲೆ ಯಾರೂ ಹೇಳುವುದಿಲ್ಲ, ಅವಳ ಜಾಗಕ್ಕೆ ಪಕ್ಕದವಳು ಸರಿದು ಕೂತಿರುತ್ತಾಳೆ. ನಿಮ್ಮ ಮಗಳಿಗೆ ಭಯ ಇರುವುದು ಆ ಜಾಗದ್ದು. ಓದಿನಲ್ಲಿ ಮನಸ್ಸಿಲ್ಲದವಳ ಬಾಯಲ್ಲಿ ತೊಟ್ಟಿಲ ಮುಂದೆ ಮಗ್ಗಿ ಬರುತ್ತದೆಯೇ ಎಂದು ನಿಮ್ಮ ಯಜಮಾನರನ್ನು ಕೇಳಿ, ನಾನೇ ಕೇಳಿದೆ ಎಂದು ಹೇಳಿ.

ಇನ್ನು ‘ಇದೊಂದು ಸುಗ್ಗಿ’ ಎಂಬ ಮಾತು. ಹತ್ತಿ ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ಬರುತ್ತದೆ, ಅದಾದರೆ ಉದ್ಯೋಗ ಖಾತ್ರಿ, ಆಮೇಲೆ ಬಿತ್ತನೆ, ಕಳೆ. ಕೂಸು ಅಂಗನವಾಡಿಗೆ ಹೋಗುವ ಹೊತ್ತಿಗೆ ಇವಳಿಗೆ ‘ಸಾಲಿ ಬಿಟ್ಟ ಹುಡುಗಿ’ ಎಂಬ ಹೆಸರು ಬಿದ್ದಿರುತ್ತದೆ. ಹದಿನೆಂಟರೊಳಗೆ ಮದುವೆ ಅಪರಾಧ ಎಂದು ಊರಿಗೆಲ್ಲ ಗೊತ್ತಿದ್ದರೂ ಅಂಥ ಹುಡುಗಿಯ ಮನೆಗೆ ನೆಂಟಸ್ತಿಕೆಯ ಮಾತು ಹೊತ್ತು ಬರುವವರು ಇದ್ದೇ ಇರುತ್ತಾರೆ. ನನ್ನ ಇಬ್ಬರು ವಿದ್ಯಾರ್ಥಿನಿಯರು ನನ್ನ ಕಣ್ಣೆದುರೇ ಹಾಗೆ ಹೋದರು. ಅವರ ಮನೆಗೆ ಮೂರನೇ ಸಲ ಹೋಗದೆ ಉಳಿದೆನಲ್ಲ ಎಂದು ಈಗಲೂ ನೋಯುತ್ತೇನೆ.

ಕೇಸಿಗೆ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. 2002ರ ತಿದ್ದುಪಡಿಯಿಂದ ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲೂ ಹೆತ್ತವರ ಈ ಹೊಣೆ ಸೇರಿದೆ. ಆದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕಾಗಿ ತಾಯಿಗೋ ತಂದೆಗೋ ಜೈಲೆಂಬುದಿಲ್ಲ. ಅದೇ ಕಾಯ್ದೆ ಶಾಲೆಗೂ ಕಟ್ಟು ಹಾಕಿದೆ: ಎಂಟನೇ ತರಗತಿಯವರೆಗಿನ ಓದು ಮುಗಿಯುವ ತನಕ ಮಗುವನ್ನು ಹೊರಹಾಕುವಂತಿಲ್ಲ, ಶಾಲೆ ಬಿಟ್ಟು ಮರಳಿ ಬಂದವರನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕು. ಆ ಟೀಚರು ಗದರಿದ್ದು ನನಗೂ ಹಿಡಿಸಲಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಗೀಟು ಎಳೆದು ಸುಮ್ಮನಿರಬಹುದಾಗಿದ್ದವರು ನಿಮ್ಮ ಬಾಗಿಲಿಗೆ ಎರಡು ಸಲ ಬಂದಿದ್ದಾರೆ. ಅವರು ನಿಮ್ಮ ಮಗಳ ಕಡೆಯವರು. ಕಾಯ್ದೆಯ ಈ ಆಸರೆ ಇರುವುದು ಇನ್ನೊಂದೆರಡು ವರ್ಷ ಮಾತ್ರ. ಹತ್ತನೇ ತರಗತಿಗೆ ಬಂದರೆ 75 ಶೇಕಡಾ ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ.

ಕೂಸನ್ನು ಏನು ಮಾಡುವುದು? ನಿಮ್ಮ ನಿಜವಾದ ಪ್ರಶ್ನೆ ಇದು, ಮಗಳು ಅದಕ್ಕೆ ಸುಲಭಕ್ಕೆ ಸಿಕ್ಕ ಉತ್ತರ. ಮೊದಲು ಪಂಚಾಯಿತಿಗೆ ಹೋಗಿ ‘ಕೂಸಿನ ಮನೆ’ ಇದೆಯೇ ಎಂದು ಪಿಡಿಒ ಅವರನ್ನು ಕೇಳಿ. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳಲೆಂದು 4,000 ಗ್ರಾಮ ಪಂಚಾಯಿತಿಗಳಲ್ಲಿ ಇದನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಹೇಳಿತ್ತು. ನಿಮ್ಮೂರಲ್ಲಿ ಇಲ್ಲದಿದ್ದರೆ ನಿಮ್ಮ ಹತ್ತಿ ಗುಂಪಿನವರೇ ಸೇರಿ ಮಾತಾಡಿ. ಹತ್ತು ಹೆಂಗಸರ ಗುಂಪಿನಲ್ಲಿ ಮೂರು ನಾಲ್ಕು ಕೂಸುಗಳಾದರೂ ಇರುತ್ತವೆ. ಬಾಗಿ ದುಡಿಯಲಾಗದ, ಆದರೆ ಕಣ್ಣು ಚುರುಕಾಗಿರುವ ಒಬ್ಬ ಅಜ್ಜಿಯನ್ನು ಹೊಲದ ಬೇವಿನ ಮರದಡಿ ಕೂರಿಸಿ, ಕೂಸಿನ ತಾಯಂದಿರು ದಿನಕ್ಕಿಷ್ಟು ಎಂದು ಸೇರಿಸಿ ಕೊಡಿ. ಹೊಲದ ಅಂಚಿನಲ್ಲಿ ಸೀರೆಯ ಜೋಲಿ ಕಟ್ಟಿಕೊಂಡೇ ಮಕ್ಕಳನ್ನು ಬೆಳೆಸಿದವರು ನಾವು, ಇದು ಹೊಸ ವಿದ್ಯೆಯೇನೂ ಅಲ್ಲ.

ಅಜ್ಜಿಗೆ ಕೊಡುವ ದುಡ್ಡು ಬೆಂಗಳೂರಿನಿಂದ ಬರಲಿ. ಕರ್ತವ್ಯ ಹೆತ್ತವರಿಬ್ಬರದು ಎಂದ ಮೇಲೆ ಫೋನಿನಲ್ಲಿ ತೀರ್ಪು ಹೇಳಿ ಮುಗಿಸುವುದಲ್ಲ. ಸಾಲದಿದ್ದರೆ ಬರುವ ಜೂನ್‌ನಲ್ಲಿ ಮಗನನ್ನೂ ಅಕ್ಕನ ಶಾಲೆಗೇ ಸೇರಿಸಬಹುದೇ ಎಂದು ಇಬ್ಬರೂ ಕೂತು ಯೋಚಿಸಿ. ಈ ಮಾತು ನಿಮಗೆ ಕಹಿಯಾಗಬಹುದು. ಆದರೂ ಒಬ್ಬನ ಫೀಸಿಗಾಗಿ ಇನ್ನೊಬ್ಬಳ ಓದು ನಿಲ್ಲುವುದಾದರೆ ನಾನು ಫೀಸನ್ನೇ ಬಿಡಿ ಎನ್ನುತ್ತೇನೆ.

ಅರ್ಧ ದಿನ ಕಳಿಸುತ್ತೇನೆ, ವಾರಕ್ಕೆ ಮೂರು ದಿನ ಕಳಿಸುತ್ತೇನೆ ಎಂಬ ರಾಜಿ ಬೇಡ. ಗಣಿತದ ಪಾಠ ಅವಳಿಗಾಗಿ ಕಾಯುವುದಿಲ್ಲ.

ಸೋಮವಾರ ಒಂದು ದಿನದ ಕೂಲಿ ಬಿಟ್ಟು ನೀವೇ ಜೊತೆಗೆ ಹೋಗಿ, ಟೀಚರಿಗೆ ಎಲ್ಲವನ್ನೂ ಬಿಚ್ಚಿ ಹೇಳಿ, ಮೊದಲಿದ್ದ ಗೆಳತಿಯ ಪಕ್ಕದಲ್ಲೇ ಕೂರಿಸಿ ಎಂದು ಕೇಳಿಕೊಳ್ಳಿ. ಅದಕ್ಕೆ ಮುಂಚೆ ಭಾನುವಾರ ರಾತ್ರಿ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ ‘ನಂದು ತಪ್ಪಾತವ್ವಾ’ ಎಂದು ಒಂದು ಸಲ ಹೇಳಿಬಿಡಿ. ಯೂನಿಫಾರ್ಮನ್ನೂ ಅಂದೇ ತೆಗೆದು ನೋಡಿ. ಈ ವಯಸ್ಸಿನಲ್ಲಿ ಎರಡು ತಿಂಗಳಿಗೇ ಬೆಳೆದುಬಿಟ್ಟಿರುತ್ತಾರೆ, ಲಂಗದ ಅಂಚು ಬಿಚ್ಚಿ ಎರಡು ಬೆರಳು ಇಳಿಸಿ ಹೊಲಿಯಬೇಕಾಗುತ್ತದೆ.