ಉಗುಳು ನುಂಗಿದರೆ ರೋಜಾ (ಉಪವಾಸ) ಹೋಗುತ್ತದಾ?

ಪ್ರಶ್ನೆ: ಅಸ್ಸಲಾಮು ಅಲೈಕುಂ ಮೌಲಾನಾ ಸಾಹೇಬರೇ. ರಂಜಾನ್ ಬಂತೆಂದರೆ ನನಗೆ ಅನುಮಾನಗಳ ಕಾಟ. ಉಗುಳು ನುಂಗಿದರೆ ರೋಜಾ ಹೋಯಿತೇನೋ ಅಂತ ಪದೇ ಪದೇ ಉಗಿಯುತ್ತೇನೆ. ಹಲ್ಲುಜ್ಜಲೂ ಭಯ. ಮೊನ್ನೆ ಮರೆತು ಅರ್ಧ ಲೋಟ ನೀರು ಕುಡಿದೇಬಿಟ್ಟೆ, ಅಳು ಬಂತು. ಮತ್ತೆ, ಹಸಿವಾದಾಗ ಸಿಟ್ಟು ಜಾಸ್ತಿ, ಮನೆಯವರ ಮೇಲೆ ರೇಗುತ್ತೇನೆ.

ಉತ್ತರ: ವ ಅಲೈಕುಮುಸ್ಸಲಾಂ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಸಿಟ್ಟಿನ ಮಾತು ಬರೆದಿದ್ದೀರಿ. ನನಗೆ ಚಿಂತೆಯಾದದ್ದು ಅದನ್ನು ಓದಿ. ಮಿಕ್ಕದ್ದನ್ನು ಬೇಗ ಮುಗಿಸೋಣ.

ಬಾಯಲ್ಲಿ ಊರುವ ಉಗುಳು ನುಂಗಿದರೆ ಏನೂ ಆಗುವುದಿಲ್ಲ. ಉಗಿಯುತ್ತಾ ಕೂತರೆ ಗಂಟಲು ಒಣಗುತ್ತದೆ, ಅಷ್ಟೇ. ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜಬಹುದು. ಪೇಸ್ಟ್ ಗಂಟಲಿಗೆ ಇಳಿದರೆ ತೊಂದರೆ, ಹಾಗಾಗಿ ಸಹರಿ (ಬೆಳಗಿನ ಜಾವದ ಊಟ) ಮುಗಿಯುವ ಮೊದಲೇ ಹಲ್ಲುಜ್ಜಿಬಿಡಿ. ಮರೆತು ಕುಡಿದ ನೀರಿಗೆ ಅಳಬೇಡಿ. ಮರೆತು ತಿಂದವನು, ಕುಡಿದವನು ಉಪವಾಸ ಪೂರ್ತಿ ಮಾಡಲಿ, ಅವನಿಗೆ ಉಣಿಸಿದವನು, ಕುಡಿಸಿದವನು ಅಲ್ಲಾಹನೇ ಎಂದು ಪ್ರವಾದಿಯವರು (ಸ) ಹೇಳಿದ್ದಾರೆ. ಸುನ್ನಿಗಳ ನಾಲ್ಕು ಧರ್ಮಶಾಸ್ತ್ರ ಪಂಥಗಳ ಪೈಕಿ ಮಾಲಿಕಿ ಮದ್‌ಹಬ್‌ನಲ್ಲಿ ಮಾತ್ರ ಆ ದಿನದ ಕಝಾ, ಅಂದರೆ ಆಮೇಲೆ ಒಂದು ರೋಜಾ ಹಿಡಿದು ತೀರಿಸಬೇಕು. ಉಳಿದ ಮೂರರಲ್ಲಿ ಅದೂ ಇಲ್ಲ. ವುಝೂ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದು) ಮಾಡುವಾಗ ಮೂಗಿಗೆ ನೀರನ್ನು ಜೋರಾಗಿ ಎಳೆಯದಿದ್ದರೆ ಸಾಕು.

ಈಗ ಸಿಟ್ಟಿಗೆ ಬರೋಣ. ಮಧ್ಯಾಹ್ನ ವುಝೂ ಮಾಡಲು ನಲ್ಲಿಯ ಮುಂದೆ ನಿಲ್ಲುತ್ತೀರಿ. ಬಾಗಿಲು ಹಾಕಿದೆ, ಗಂಟಲು ಒಣಗಿದೆ. ಬೊಗಸೆಯ ನೀರು ಬಾಯೊಳಗೇ ಇದೆ. ಒಂದು ಗುಟುಕು ನುಂಗಿದರೆ ಯಾರಿಗೆ ಗೊತ್ತಾಗುತ್ತದೆ? ಆದರೂ ಮುಕ್ಕಳಿಸಿ ಉಗಿಯುತ್ತೀರಿ. ಅಲ್ಲಾಹನು ನೋಡುತ್ತಿದ್ದಾನೆ ಅನ್ನುವ ಆ ಎಚ್ಚರಕ್ಕೇ ತಕ್ವಾ ಅನ್ನುವುದು. ಹಿಜರಿ 2ನೇ ವರ್ಷದಲ್ಲಿ ರಂಜಾನಿನ ಉಪವಾಸ ಕಡ್ಡಾಯವಾಯಿತು. ಆ ಅಪ್ಪಣೆಯ ಆಯತ್‌ನಲ್ಲೇ (ಕುರಾನ್ ವಚನ, ಅಲ್-ಬಕರಾ 183) ಕಾರಣವೂ ಇದೆ: ನಿಮ್ಮಲ್ಲಿ ತಕ್ವಾ ಬೆಳೆಯಲಿ ಎಂದು. ನೀರಿನ ವಿಷಯದಲ್ಲಿ ನಿಮಗೆ ಆ ಎಚ್ಚರ ಚೆನ್ನಾಗಿಯೇ ಇದೆ. ಮನೆಯವರ ಮೇಲೆ ಬಾಯಿ ಬಿಡುವಾಗ ಅದು ಎಲ್ಲಿ ಹೋಗುತ್ತದೆ? ಸುಳ್ಳು ಮಾತು, ಸುಳ್ಳು ನಡತೆ ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ ಎಂದು ಹದೀಸ್ (ಪ್ರವಾದಿಯವರ ಮಾತು) ಇದೆ. ರೇಗಿದ ಮಾತ್ರಕ್ಕೆ ರೋಜಾ ಮುರಿಯುವುದಿಲ್ಲ, ಕಝಾನೂ ಇಲ್ಲ. ಪುಣ್ಯ ಮಾತ್ರ ಸೋರಿಹೋಗುತ್ತದೆ.

ಯಾರಾದರೂ ಜಗಳಕ್ಕೆ ಬಂದರೆ "ನಾನು ರೋಜಾದಲ್ಲಿದ್ದೇನೆ" ಎನ್ನಿ ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಎದುರಿನವರಿಗೆ ಕೇಳಿಸದಿದ್ದರೂ ಸರಿ, ನಿಮಗೆ ಕೇಳಿಸಲಿ. ಸಹರಿ ತಪ್ಪಿಸಬೇಡಿ, ಅದರಲ್ಲಿ ಬರಕತ್ ಇದೆ. ನಿದ್ದೆಗೆಟ್ಟು, ಬರೀ ಹೊಟ್ಟೆಯಲ್ಲಿ ಹಗಲು ಕಳೆದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ಪ್ರಶ್ನೆ: ನಮ್ಮ ಅಬ್ಬಾಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ತಾರೆ. ಉಪವಾಸ ಬೇಡ ಎಂದು ಡಾಕ್ಟರ್ ಖಡಾಖಂಡಿತ ಹೇಳಿದ್ದಾರೆ. ಅಬ್ಬಾ ಕೇಳುತ್ತಿಲ್ಲ. "ಇಂಜೆಕ್ಷನ್ ಬಿಟ್ಟೇನು, ರೋಜಾ ಬಿಡಲ್ಲ" ಅಂತಾರೆ.

ಉತ್ತರ: ಮೊದಲು ಅವರ ತಪ್ಪು ತಿಳಿವಳಿಕೆ ಬಿಡಿಸಿ. ಇನ್ಸುಲಿನ್ ಚುಚ್ಚಿಕೊಂಡರೆ ರೋಜಾ ಮುರಿಯುವುದಿಲ್ಲ. ಆಹಾರದ ಬದಲಿಗೆ ಕೊಡುವ ಗ್ಲೂಕೋಸಿನಂಥದ್ದು ಬೇರೆ, ಔಷಧಿಯ ಇಂಜೆಕ್ಷನ್ ಬೇರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1997ರಲ್ಲೇ ಇದನ್ನು ತೀರ್ಮಾನಿಸಿದೆ. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿಕೊಂಡರೂ ತೊಂದರೆಯಿಲ್ಲ.

ಆದರೆ ಅವರ ಮೈಗೆ ಉಪವಾಸ ತಡೆಯುವುದಿಲ್ಲ ಎಂದು ಡಾಕ್ಟರ್ ಹೇಳಿಯಾಗಿದೆ. ಹಟ ಹಿಡಿದರೆ ಅದು ಇಬಾದತ್ (ಆರಾಧನೆ) ಆಗುವುದಿಲ್ಲ. ಕಾಯಿಲೆಯವರಿಗೆ ರಿಯಾಯಿತಿ ಕೊಟ್ಟ ಆಯತ್‌ನಲ್ಲೇ "ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ" ಎಂದಿದೆ. ಕೊಟ್ಟವನ ರಿಯಾಯಿತಿಯನ್ನು ವಾಪಸ್ ಮಾಡಲು ನಾವ್ಯಾರು? ವಾಸಿಯಾಗುವ ಕಾಯಿಲೆಯಾಗಿದ್ದರೆ ಆಮೇಲೆ ಕಝಾ ಮಾಡಬೇಕಿತ್ತು. ಇದು ಹಾಗಲ್ಲದಿದ್ದರೆ ಒಂದೊಂದು ರೋಜಾಕ್ಕೆ ಒಬ್ಬ ಬಡವನಿಗೆ ಊಟ ಹಾಕಬೇಕು. ಅದೇ ಫಿದ್ಯಾ.

ನಿಮ್ಮ ಅಬ್ಬಾಗೆ ನಿಜವಾಗಿ ಕಾಡುವುದು ಎಲ್ಲರೂ ರೋಜಾದಲ್ಲಿರುವಾಗ ತಾನೊಬ್ಬ ಹೊರಗುಳಿದೆ ಅನ್ನುವ ನೋವು ಇರಬೇಕು. ರೋಜಾ ಇದ್ದವರಿಗೆ ಇಫ್ತಾರ್ ಮಾಡಿಸಿದವರಿಗೂ ಅಷ್ಟೇ ಪುಣ್ಯ ಎಂದು ಹದೀಸ್ ಇದೆ. ಇಫ್ತಾರ್ ಹಂಚುವ ಕೆಲಸ ಅವರಿಗೇ ಬಿಡಿ. ಕೈಲಾದಷ್ಟು ರಂಜಾನ್ ರಾತ್ರಿಯ ನಮಾಜ್ ತರಾವೀಹ್‌ಗೆ ಬರಲಿ, ಕುರ್ಚಿಯಲ್ಲಿ ಕೂತು ಮಾಡಿದರೂ ಆದೀತು.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ತಪ್ಪಿದ ರೋಜಾ, ನಮಾಜ್ ಎರಡನ್ನೂ ತೀರಿಸಬೇಕಾ?

ಉತ್ತರ: ರೋಜಾ ಮಾತ್ರ. ನಮಾಜ್ ಮಾಫಿ. ಪ್ರವಾದಿಯವರ ಪತ್ನಿ ಹಜ್ರತ್ ಆಯಿಶಾ (ರ) ಅವರೇ ಹೀಗೆ ಹೇಳಿದ್ದಾರೆ. ಸಾಲಾಗಿ ಹಿಡಿಯಬೇಕೆಂದೇನಿಲ್ಲ. ಮುಂದಿನ ರಂಜಾನ್ ಒಳಗೆ ಬಿಡಿಬಿಡಿಯಾಗಿ ತೀರಿಸಿ. ಆಯಿಶಾ (ರ) ತಮ್ಮ ಬಾಕಿಯನ್ನು ರಂಜಾನಿನ ಹಿಂದಿನ ಶಅಬಾನ್ ತಿಂಗಳಲ್ಲಿ ತೀರಿಸುತ್ತಿದ್ದರು. ಎರಡು ಈದ್‌ಗಳ ದಿನ ಮತ್ತು ಬಕ್ರೀದ್ ನಂತರದ ಮೂರು ದಿನ ಬಿಡಿ. ಹಗಲು ಚಿಕ್ಕದಿರುವ ಕಾಲ ನೋಡಿ ಹಿಡಿದರೂ ತಪ್ಪಿಲ್ಲ.